ಲೆಕ್ಕ ಕೇಳುವವರಿಗೆ ದುಡ್ಡು ಕೊಡುವವರು ಯಾರು?

ಪ್ರಶ್ನೆ: ನಮ್ಮದು ಒಂಬತ್ತು ಜನರ ಗುಂಪು. ಮಕ್ಕಳನ್ನು ಸಾಕು ಕುಟುಂಬಗಳಿಗೋ ಪಾಲನಾ ಮನೆಗಳಿಗೋ ಕಳಿಸಿದ ಮೇಲೆ ಅವರು ಹೇಗಿದ್ದಾರೆ ಅಂತ ಇಲಾಖೆಯನ್ನು ಬಿಡದೆ ಕೇಳುವುದು ನಮ್ಮ ಕೆಲಸ. ನಮ್ಮಲ್ಲಿ ಇಬ್ಬರು ಅಂಥ ಮನೆಗಳಲ್ಲೇ ಬೆಳೆದವರು, ಒಬ್ಬರು ವಕೀಲರು, ಉಳಿದವರು ಸಾಕು ತಂದೆತಾಯಿಯರು. ಎರಡು ವರ್ಷ ಕೈಯಿಂದ ಹಾಕಿಕೊಂಡು ನಡೆಸಿದೆವು, ಈಗ ಆಗುತ್ತಿಲ್ಲ. ಇಂಥ ಏಳೆಂಟು ಮನೆಗಳನ್ನು ನಡೆಸುವ ಸಂಸ್ಥೆಯೊಂದು ಮೂರು ವರ್ಷದ ಖರ್ಚು ಕೊಡುತ್ತೇವೆ, ಯಾವ ಷರತ್ತೂ ಇಲ್ಲ ಅನ್ನುತ್ತಿದೆ. ತಗೊಳ್ಳಬಹುದಾ?

ಉತ್ತರ: ಬೇಡ.

ಷರತ್ತು ಇಲ್ಲ ಅನ್ನುವುದು ನಿಜವೇ ಇರಬಹುದು. ಆದರೆ ಮುಲಾಜು ಅಂತ ಒಂದಿದೆಯಲ್ಲ, ಅದನ್ನು ಯಾರೂ ಕಾಗದದಲ್ಲಿ ಬರೆಯುವುದಿಲ್ಲ. ನಾಳೆ ಅವರದೇ ಮನೆಯೊಂದರಿಂದ ಹುಡುಗನೊಬ್ಬ ಓಡಿಹೋದ ಅನ್ನಿ. ನೀವು ಪತ್ರ ಬರೆಯಲು ಕೂರುತ್ತೀರಿ, ಅದಕ್ಕೂ ಮೊದಲು ಒಂದು ಫೋನ್ ಮಾಡಿ ಕೇಳಿಬಿಡೋಣ ಅನ್ನಿಸುತ್ತದೆ, ಫೋನಿನಲ್ಲಿ ಅವರು ಚೆನ್ನಾಗಿಯೇ ಮಾತಾಡುತ್ತಾರೆ, ಪತ್ರ ಒಂದು ವಾರ ತಡವಾಗುತ್ತದೆ, ಆಮೇಲೆ ಅದರಲ್ಲಿದ್ದ ಎರಡು ಖಾರದ ಸಾಲುಗಳೂ ಹೋಗುತ್ತವೆ. ಯಾರೂ ನಿಮ್ಮ ಬಾಯಿ ಮುಚ್ಚಿಸಲಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಅಂತ ಚಿಕ್ಕಂದಿನಿಂದ ಕೇಳಿಕೊಂಡು ಬಂದವರು ನಾವು, ಅಲ್ವಾ?

ಇಂಗ್ಲೆಂಡಿನಲ್ಲಿ 2015ರ ನಿಯಮದಂತೆ ಪ್ರತಿ ಮಕ್ಕಳ ಮನೆಗೂ ತಿಂಗಳಿಗೊಮ್ಮೆ ಸ್ವತಂತ್ರ ವ್ಯಕ್ತಿಯೊಬ್ಬರು ಬಂದು ನೋಡಿ ವರದಿ ಬರೆಯಬೇಕು. ಒಳ್ಳೆಯ ನಿಯಮ. ಆದರೆ ಅವರನ್ನು ನೇಮಿಸುವುದೂ ಆ ಮನೆ ನಡೆಸುವವರೇ, ಖರ್ಚು ಕೊಡುವುದೂ ಅವರೇ. ಬರುವವರು ಪ್ರಾಮಾಣಿಕರೇ ಇರಬಹುದು. ಆದರೂ ಮುಂದಿನ ತಿಂಗಳೂ ನನ್ನನ್ನೇ ಕರೆಯಲಿ ಅನ್ನುವ ಆಸೆ ಯಾರಿಗೆ ಇರುವುದಿಲ್ಲ ಹೇಳಿ.

ಸರ್ಕಾರದ ದುಡ್ಡು? ನೀವು ಕೇಳಿಲ್ಲ, ಆದರೆ ಕೇಳೇ ಕೇಳುತ್ತೀರಿ. ಅದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. 2017ರಲ್ಲಿ ಬಿಹಾರ ಸರ್ಕಾರವೇ ರಾಜ್ಯದ ಆಶ್ರಯ ಮನೆಗಳ ಸಾಮಾಜಿಕ ಪರಿಶೋಧನೆ, ಅಂದರೆ ಮನೆ ಹೇಗೆ ನಡೆಯುತ್ತಿದೆ ಅಂತ ಹೊರಗಿನವರು ಬಂದು ನೋಡುವ ಕೆಲಸ, ಮಾಡಿಕೊಡಿ ಅಂತ ಟಾಟಾ ಸಮಾಜ ವಿಜ್ಞಾನ ಸಂಸ್ಥೆಗೆ ಹೇಳಿತು. ತಂಡ 110 ಸಂಸ್ಥೆಗಳನ್ನು ನೋಡಿತು. ಮುಜಫ್ಫರ್‌ಪುರದ ಬಾಲಕಿಯರ ಮನೆಯ ಲೈಂಗಿಕ ದೌರ್ಜನ್ಯ 2018ರಲ್ಲಿ ಹೊರಬಿದ್ದದ್ದು ಆ ವರದಿಯಿಂದಲೇ, 2020ರಲ್ಲಿ ದೆಹಲಿಯ ನ್ಯಾಯಾಲಯ 19 ಜನರನ್ನು ಅಪರಾಧಿಗಳೆಂದು ತೀರ್ಪು ಕೊಟ್ಟಿತು. ಆ ಮನೆ ನಡೆಯುತ್ತಿದ್ದದ್ದೂ ಸರ್ಕಾರದ ದುಡ್ಡಿನಲ್ಲೇ, ಅಧಿಕಾರಿಗಳೂ ಬಂದು ಹೋಗುತ್ತಿದ್ದರು. ಅವರಿಗೆ ಕಾಣದ್ದು ಹೊರಗಿನಿಂದ ಬಂದ ತಂಡಕ್ಕೆ ಕಂಡಿತು. ಹಾಗಾಗಿ ಇಂಥ ಒಂದು ಕೆಲಸ ಅಂತ ಗೊತ್ತುಮಾಡಿಕೊಂಡು ಸರ್ಕಾರದಿಂದ ದುಡ್ಡು ತಗೊಳ್ಳಿ ಬೇಕಾದರೆ. ವರದಿ ಪ್ರಕಟಿಸುವ ಹಕ್ಕು ನಿಮ್ಮದೇ ಅಂತ ಕರಾರಿನಲ್ಲಿ ಬರೆಸಿಕೊಳ್ಳಿ. ಆದರೆ ಆಫೀಸಿನ ಬಾಡಿಗೆ, ಸಂಬಳ ಇವನ್ನು ಮಾತ್ರ ಇಲಾಖೆಯ ಮೇಲೆ ಹಾಕಬೇಡಿ.

ಮತ್ತೆ ಎಲ್ಲಿಂದ ಅಂದರೆ, ಚಿಲ್ಲರೆಯಿಂದ. ತಮಾಷೆ ಅಲ್ಲ. ಇನ್ನೂರು ಜನ ತಿಂಗಳು ತಿಂಗಳು ಸಣ್ಣ ಮೊತ್ತ ಕೊಟ್ಟರೆ ಅದರಲ್ಲಿ ಹತ್ತು ಜನ ಮುನಿಸಿಕೊಂಡು ಹೋದರೂ ನಿಮ್ಮ ಬಾಗಿಲು ಮುಚ್ಚುವುದಿಲ್ಲ. ದೊಡ್ಡ ಪ್ರತಿಷ್ಠಾನಗಳಿಂದಲೂ ತಗೊಳ್ಳಬಹುದು, ಆದರೆ ಯಾರೊಬ್ಬರ ದುಡ್ಡೂ ವರ್ಷದ ಖರ್ಚಿನ ಕಾಲು ಭಾಗ ದಾಟದಿರಲಿ. ಈ ಕಾಲು ಭಾಗ ಯಾವ ಶಾಸ್ತ್ರದಲ್ಲೂ ಇಲ್ಲ, ಪೆಟ್ಟು ತಿಂದು ನಾನೇ ಹಾಕಿಕೊಂಡ ಗೆರೆ. ನಾನಿದ್ದ ಗುಂಪಿಗೆ ಮುಕ್ಕಾಲು ಖರ್ಚು ಕೊಡುತ್ತಿದ್ದವರೊಬ್ಬರು, ಅವರ ನೆಂಟರು ಟ್ರಸ್ಟಿಯಾಗಿದ್ದ ಮನೆಯ ಬಗ್ಗೆ ನಾವು ಬರೆದ ತಿಂಗಳೇ ಕೈಬಿಟ್ಟರು. ಯಾರಿಂದ ತಗೊಳ್ಳುವುದಿಲ್ಲ ಅನ್ನುವ ಪಟ್ಟಿಯನ್ನು ದುಡ್ಡು ಬಾಗಿಲಿಗೆ ಬರುವ ಮೊದಲೇ ಬರೆದಿಡಿ, ಬಂದ ಮೇಲೆ ಬರೆಯಲು ಮನಸ್ಸು ಬರುವುದಿಲ್ಲ.

ಪ್ರತಿಷ್ಠಾನಗಳ ಅರ್ಜಿಯಲ್ಲಿ "ಈ ವರ್ಷ ಎಷ್ಟು ಮಕ್ಕಳಿಗೆ ಪ್ರಯೋಜನವಾಯಿತು" ಅಂತ ಒಂದು ಕಾಲಂ ಇರುತ್ತದೆ. ಅಲ್ಲಿ ಸುಮ್ನೆ ದೊಡ್ಡ ಅಂಕಿ ತುಂಬಬೇಡಿ. ಆಸ್ಟ್ರೇಲಿಯಾದಲ್ಲಿ ಇಂಥ ಮನೆಗಳಲ್ಲಿ ಬೆಳೆದ ಇಬ್ಬರು ಮಹಿಳೆಯರು, ಲಿಯೊನಿ ಶೀಡಿ ಮತ್ತು ಜೊಆನಾ ಪೆಂಗ್ಲೇಸ್, 2000ದಲ್ಲಿ ಸದಸ್ಯರ ಸಂಘ ಕಟ್ಟಿದರು. ಇಂಥ ಮನೆಗಳಲ್ಲಿ ಬೆಳೆದವರ ಬಗ್ಗೆ ಸೆನೆಟ್ (ಅಲ್ಲಿನ ಸಂಸತ್ತಿನ ಮೇಲ್ಮನೆ) ಸಮಿತಿಯ ವರದಿ ಬಂದದ್ದು 2004ರಲ್ಲಿ. ಪ್ರಧಾನಿ ದೇಶದ ಪರವಾಗಿ ಅವರೆಲ್ಲರ ಕ್ಷಮೆ ಕೇಳಿದ್ದು 2009ರ ನವೆಂಬರಿನಲ್ಲಿ. ಮೊದಲ ವರ್ಷ ಆ ಕಾಲಂನಲ್ಲಿ ಅವರು ಏನು ಬರೆಯಬಹುದಿತ್ತು? ಆದ್ದರಿಂದ ಮಾಡಿದ ಕೆಲಸ ಬರೆಯಿರಿ: ಎಷ್ಟು ಕಡತ ಕೇಳಿದಿರಿ, ಎಷ್ಟು ಸಿಕ್ಕವು, ಎಷ್ಟು ದೂರಿಗೆ ಉತ್ತರ ಬಂತು.

ಕಡತ ಅಂದೆ. ನಮ್ಮ ಗುಂಪಿನ ಹುಡುಗಿಯೊಬ್ಬಳು ದೊಡ್ಡವಳಾದ ಮೇಲೆ ತನ್ನದೇ ಕಡತ ಕೇಳಿ ತರಿಸಿಕೊಂಡಳು. ಒಂದು ವರ್ಷದ ಹನ್ನೆರಡು ಭೇಟಿ ವರದಿ ಇದ್ದವು. ಹನ್ನೆರಡರಲ್ಲೂ ಒಂದೇ ಶಾಯಿ, ಒಂದೇ ಸಾಲು: "ಮಗು ಆರೋಗ್ಯವಾಗಿದೆ, ಮನೆಗೆ ಹೊಂದಿಕೊಂಡಿದೆ." ಐದನೇ ತಿಂಗಳಲ್ಲಿ ಅವಳನ್ನು ಆ ಮನೆಯಿಂದ ಬೇರೆ ಮನೆಗೆ ಕಳಿಸಿಯಾಗಿತ್ತು! ಆ ಹನ್ನೆರಡು ಹಾಳೆಗೆ ನಕಲು ಶುಲ್ಕ, ಮೂರು ಸಲ ಓಡಾಡಿದ ಬಸ್ ಖರ್ಚು, ಓದಿದ ಮೇಲೆ ಎರಡು ವಾರ ನಿದ್ದೆ ಬಿಟ್ಟವಳಿಗೆ ಆಪ್ತಸಲಹೆಗಾರರ ಶುಲ್ಕ. ನಿಮ್ಮ ಬಜೆಟ್ಟಿನಲ್ಲಿ ಇರಬೇಕಾದದ್ದು ಇಂಥವು. ಬ್ಯಾನರು, ಸಮಾವೇಶ ಆಮೇಲೆ ನೋಡಿಕೊಳ್ಳಬಹುದು. ನಿಮ್ಮಲ್ಲಿ ಅಂಥ ಮನೆಗಳಲ್ಲಿ ಬೆಳೆದ ಆ ಇಬ್ಬರಿಗೂ ಸಭೆಗೆ ಬಂದ ದಿನದ ಸಂಭಾವನೆ ಕೊಡಿ. ವಕೀಲರಿಗೆ ಫೀ, ಅನುಭವ ಹೇಳುವವರಿಗೆ ಒಂದು ಶಾಲು ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ದೇಣಿಗೆ ಕೇಳುವಾಗ ಮಕ್ಕಳ ಫೋಟೊ ಹಾಕಿದರೆ ಜನ ಜಾಸ್ತಿ ಕೊಡುತ್ತಾರೆ. ಮುಖ ಮಸುಕು ಮಾಡಿ ಹಾಕಬಹುದಲ್ಲವೇ?

ಉತ್ತರ: ಹಾಕಬೇಡಿ. ಮುಖ ಮಸುಕಾದರೂ ಯೂನಿಫಾರ್ಮು, ಕೈ ಮೇಲಿನ ಮಚ್ಚೆ, ಹಿಂದಿನ ಗೇಟು ಇವೆಲ್ಲ ಗೊತ್ತಿರುವವರಿಗೆ ಗೊತ್ತಾಗುತ್ತವೆ. ಮಗು ಒಪ್ಪಿದೆ ಅನ್ನಬೇಡಿ, ಊಟ ಹಾಕುವವರು ಕೇಳಿದರೆ ಯಾವ ಮಗು ಬೇಡ ಅನ್ನುತ್ತದೆ? ಭಾರತದಲ್ಲಂತೂ 2015ರ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಕ್ಕಳ ಗುರುತು ಬಯಲು ಮಾಡುವುದು ಅಪರಾಧ. ಆ ಹನ್ನೆರಡು ಹಾಳೆಯ ಕಥೆ ಹೇಳಿದೆನಲ್ಲ, ಅದರಲ್ಲಿ ಫೋಟೊ ಎಲ್ಲಿತ್ತು?

ಪ್ರಶ್ನೆ: ಒಂದು ಅನಾಥಾಲಯಕ್ಕೆ ಕೊಟ್ಟರೆ ಮಕ್ಕಳಿಗೆ ಊಟ, ಪುಸ್ತಕ ಸಿಗುತ್ತದೆ. ಬರೀ ಪ್ರಶ್ನೆ ಕೇಳುವವರಿಗೆ ಯಾಕೆ ಕೊಡಬೇಕು?

ಉತ್ತರ: ಎರಡಕ್ಕೂ ಕೊಡಿ, ಬೇಡ ಅಂದವರಾರು. ಆದರೆ ನೀವು ಕೊಟ್ಟ ಪುಸ್ತಕ ಮಗುವಿನ ಕೈ ಸೇರಿತೇ ಅಂತ ಕೇಳುವುದಕ್ಕೂ ಒಬ್ಬರು ಬೇಕಲ್ಲ. 1977ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡೇವಿಡ್ ಸೌಕಪ್ ಅನ್ನುವ ನ್ಯಾಯಾಧೀಶರಿಗೆ, ಮಗುವನ್ನು ಮನೆಯಿಂದ ತೆಗೆಯಬೇಕೋ ಬೇಡವೋ ಅಂತ ತೀರ್ಮಾನಿಸುವಾಗ ಆ ಮಗುವಿನ ಬಗ್ಗೆ ತನಗೆ ಸಾಕಷ್ಟು ಗೊತ್ತೇ ಇಲ್ಲ ಅನ್ನಿಸಿತು. ಮಗುವಿನ ಪರವಾಗಿ ವಿಚಾರಿಸಿ ಕೋರ್ಟಿನಲ್ಲಿ ಹೇಳಲು ಸ್ವಯಂಸೇವಕರನ್ನು ಸೇರಿಸಿದರು. ಅದು ಅಮೆರಿಕದ ತುಂಬ ಹಬ್ಬಿತು. ಅವರು ಮಾಡುವುದೂ ನೀವು ಹೇಳುವ ಅದೇ ಕೆಲಸ, ಬರೀ ಪ್ರಶ್ನೆ ಕೇಳುವುದು.