ಬ್ರೇಕ್ ಪ್ಯಾಡ್: ಓಡಿದ ದೂರಕ್ಕಿಂತ ಉಳಿದ ದಪ್ಪ ಮುಖ್ಯ

ಪ್ರಶ್ನೆ: ನನ್ನ ಕಾರು 38,000 ಕಿ.ಮೀ. ಓಡಿದೆ. ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್ ಸವೆದಿವೆ, ಬದಲಿಸಬೇಕು ಎಂದು ಸರ್ವಿಸ್‌ನವರು ಹೇಳಿದ್ದಾರೆ. ಆದರೆ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿದೆ. ಬೆಳಿಗ್ಗೆ ಮೊದಲ ಒಂದೆರಡು ಬಾರಿ ಒತ್ತಿದಾಗ ಮಾತ್ರ ಕರಕರ ಸದ್ದು ಬರುತ್ತದೆ. ಬದಲಿಸುವ ಸಮಯ ನಿಜವಾಗಿಯೂ ಬಂದಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಬ್ರೇಕ್ ಚೆನ್ನಾಗಿ ಹಿಡಿಯುತ್ತಿದೆ ಎಂಬುದು ಪ್ಯಾಡ್ ಉಳಿದಿದೆ ಎನ್ನುವುದಕ್ಕೆ ಸಾಕ್ಷಿಯಾಗದು. ಪ್ಯಾಡ್ ಸವೆದಂತೆಲ್ಲ ಕ್ಯಾಲಿಪರ್‌ನೊಳಗಿನ (ಚಕ್ರದೊಂದಿಗೆ ತಿರುಗುವ ಡಿಸ್ಕಿಗೆ ಪ್ಯಾಡ್‌ಗಳನ್ನು ಒತ್ತಿಹಿಡಿಯುವ ಭಾಗ) ಪಿಸ್ಟನ್ ತಾನಾಗಿಯೇ ಮುಂದೆ ಸರಿದು ಆ ಅಂತರವನ್ನು ತುಂಬಿಕೊಳ್ಳುವುದರಿಂದ ಪೆಡಲ್ ಮೊದಲಿನ ಎತ್ತರದಲ್ಲೇ ನಿಲ್ಲುತ್ತದೆ. ದಪ್ಪ ಪ್ಯಾಡಿಗೂ ತೆಳುವಾದ ಪ್ಯಾಡಿಗೂ ಇರುವ ವ್ಯತ್ಯಾಸ ದಿನನಿತ್ಯದ ಓಡಾಟದಲ್ಲಿ ಕಾಲಿಗೆ ತಿಳಿಯುವುದೇ ಅಪರೂಪ. ಅದು ಗೊತ್ತಾಗುವುದು ಉದ್ದನೆಯ ಇಳಿಜಾರಿನಲ್ಲಿ. ತೆಳುವಾದ ಪ್ಯಾಡ್ ಶಾಖವನ್ನು ಹೆಚ್ಚು ಬೇಗ ಪಿಸ್ಟನ್‌ಗೂ ಬ್ರೇಕ್ ಆಯಿಲ್‌ಗೂ ದಾಟಿಸುತ್ತದೆ, ಆಯಿಲ್ ಕುದಿದರೆ ಪೆಡಲ್ ಮೆತ್ತಗಾಗಿ ಒಳಗೆ ಇಳಿಯುತ್ತದೆ.

ಓಡಿದ ದೂರವನ್ನೂ ನಾನು ಹೆಚ್ಚು ನೆಚ್ಚುವುದಿಲ್ಲ. ಹೆಜ್ಜೆ ಹೆಜ್ಜೆಗೂ ನಿಲ್ಲಬೇಕಾದ ಊರೊಳಗಿನ ಓಡಾಟದಲ್ಲಿ ಪ್ಯಾಡ್ 30,000 ಕಿ.ಮೀ. ಒಳಗೇ ಮುಗಿಯಬಹುದು, ಹೆದ್ದಾರಿಯಲ್ಲೇ ಹೆಚ್ಚು ಓಡುವ ಅದೇ ಮಾದರಿಯ ಕಾರಿನಲ್ಲಿ 60,000 ಕಿ.ಮೀ. ದಾಟಿದರೂ ಆಶ್ಚರ್ಯವಿಲ್ಲ. ಆದ್ದರಿಂದ ಸರ್ವಿಸ್‌ನವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಘರ್ಷಣೆಯ ಪದರ ಎಷ್ಟು ಮಿ.ಮೀ. ಉಳಿದಿದೆ? ಹೊಸ ಪ್ಯಾಡ್‌ನಲ್ಲಿ ಈ ಪದರ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ ಇಳಿದರೆ ಬದಲಿಸುವುದು ಒಳ್ಳೆಯದು. 5 ಮಿ.ಮೀ. ಇದ್ದರೆ ಮುಂದಿನ ಸರ್ವಿಸ್‌ವರೆಗೆ ಕಾಯಬಹುದಾದರೂ ನಡುವೆ ಒಮ್ಮೆ ನೋಡಿಸಬೇಕು. ನಿಮ್ಮ ಕಾರಿನ ಕೈಪಿಡಿಯಲ್ಲಿ ಬೇರೆ ಮಿತಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಅಳೆಯುವಾಗ ಹಿಂಬದಿಯ ಉಕ್ಕಿನ ತಟ್ಟೆಯನ್ನು ಲೆಕ್ಕಕ್ಕೆ ಸೇರಿಸಬಾರದು. ಅದೇ ಹಲವು ಮಿ.ಮೀ. ದಪ್ಪವಿರುವುದರಿಂದ ಮುಗಿಯುತ್ತ ಬಂದ ಪ್ಯಾಡ್ ಕೂಡ ಮೇಲ್ನೋಟಕ್ಕೆ ದಪ್ಪವಾಗಿ ಕಾಣುತ್ತದೆ.

ಇನ್ನೊಂದು ಎಚ್ಚರಿಕೆಯಿದೆ, ಮತ್ತು ಬಹಳ ಮಂದಿ ಎಡವುವುದು ಇಲ್ಲಿಯೇ. ಚಕ್ರದ ಕಡ್ಡಿಗಳ ನಡುವೆ ಟಾರ್ಚ್ ಬಿಟ್ಟು ನೋಡಿದಾಗ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಪಿಸ್ಟನ್ ಒಂದೇ ಬದಿಯಲ್ಲಿರುವ ಸಾಮಾನ್ಯ ಕ್ಯಾಲಿಪರ್‌ಗಳಲ್ಲಿ ಒಳಗಿನ ಪ್ಯಾಡ್ ಹೆಚ್ಚಾಗಿ ಸ್ವಲ್ಪ ಬೇಗ ಸವೆಯುತ್ತದೆ, ಕ್ಯಾಲಿಪರ್ ಜಾರಬೇಕಾದ ಪಿನ್‌ಗಳು ತುಕ್ಕು ಹಿಡಿದು ಬಿಗಿದುಕೊಂಡಿದ್ದರಂತೂ ಹೊರಗಿನದು ಅರ್ಧ ಉಳಿದಿರುವಾಗಲೇ ಒಳಗಿನದು ತಟ್ಟೆಗೆ ತಲುಪಿರಬಹುದು. ಚಕ್ರ ಬಿಚ್ಚಿಸಿ ಎರಡನ್ನೂ ನಿಮ್ಮ ಕಣ್ಣಾರೆ ನೋಡಿ. ಹಾಗೆ ತೋರಿಸಲು ಹಿಂಜರಿಯುವವರ ಸಲಹೆಯನ್ನು ಅನುಮಾನಿಸುವುದರಲ್ಲಿ ತಪ್ಪಿಲ್ಲ.

ಬೆಳಗಿನ ಸದ್ದಿಗೆ ಗಾಬರಿ ಬೇಡ. ಇಬ್ಬನಿ ಅಥವಾ ಮಳೆಯ ತೇವದಿಂದ ಎರಕದ ಕಬ್ಬಿಣದ ಡಿಸ್ಕ್ ಮೇಲೆ ಒಂದೇ ರಾತ್ರಿಯಲ್ಲಿ ತೆಳು ತುಕ್ಕು ಹಿಡಿಯುತ್ತದೆ, ನಾಲ್ಕಾರು ಬಾರಿ ಬ್ರೇಕ್ ಒತ್ತುವಷ್ಟರಲ್ಲಿ ಉಜ್ಜಿಹೋಗುತ್ತದೆ. ಅನೇಕ ಪ್ಯಾಡ್‌ಗಳಲ್ಲಿ ಸವೆತ ಮಿತಿ ಮುಟ್ಟಿದಾಗ ಡಿಸ್ಕಿಗೆ ತಾಗುವಂತೆ ಒಂದು ಸಣ್ಣ ಉಕ್ಕಿನ ಪಟ್ಟಿಯನ್ನು ಜೋಡಿಸಿರುತ್ತಾರೆ. ಅದರ ಕೀರಲು ಸದ್ದು ದಿನವಿಡೀ ಬಿಡದೆ ಕೇಳಿಸುತ್ತದೆ. ಆದರೆ ಈ ಪಟ್ಟಿ ಎಲ್ಲ ಪ್ಯಾಡ್‌ಗಳಲ್ಲೂ ಇರುವುದಿಲ್ಲವಾದ್ದರಿಂದ ಸದ್ದಿಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಲೋಹಕ್ಕೆ ಲೋಹ ತಿಕ್ಕುವ ಗರಗರ ಸದ್ದು ಬಂದರೆ ಮಾತ್ರ ಕಾರನ್ನು ಓಡಿಸಬೇಡಿ. ಅಷ್ಟರಲ್ಲಿ ಡಿಸ್ಕ್ ಕೂಡ ಹಾಳಾಗತೊಡಗಿರುತ್ತದೆ.

ಬ್ರೇಕ್ ಆಯಿಲ್‌ನ ಮಟ್ಟವನ್ನೂ ಗಮನಿಸಿ. ಪಿಸ್ಟನ್ ಮುಂದೆ ಸರಿದಷ್ಟೂ ಅದರ ಹಿಂದಿನ ಜಾಗವನ್ನು ಆಯಿಲ್ ತುಂಬುತ್ತದೆಯಾದ್ದರಿಂದ ಡಬ್ಬಿಯಲ್ಲಿ ಮಟ್ಟ ನಿಧಾನವಾಗಿ ಇಳಿಯುತ್ತದೆ. ಪ್ಯಾಡ್ ನೋಡದೆ ಬರೀ ಆಯಿಲ್ ತುಂಬಿಸಿದರೆ ಆ ಸೂಚನೆ ಅಳಿಸಿಹೋಗುತ್ತದೆ, ಮುಂದೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದೆ ತಳ್ಳಿದಾಗ ಆಯಿಲ್ ಉಕ್ಕಿ ಹೊರಚೆಲ್ಲುತ್ತದೆ. ಮಟ್ಟ ಥಟ್ಟನೆ ಕುಸಿದಿದ್ದರೆ ಅದು ಸವೆತವಲ್ಲ, ಸೋರಿಕೆ, ಕೂಡಲೇ ತೋರಿಸಿ.

ಪ್ರಶ್ನೆ: ಮುಂದಿನ ಎಡ ಚಕ್ರದ ಪ್ಯಾಡ್‌ಗಳು ಮಾತ್ರ ಪೂರ್ತಿ ಸವೆದಿವೆ, ಬಲಗಡೆಯವು ಚೆನ್ನಾಗಿವೆ. ಎಡಗಡೆಯವನ್ನಷ್ಟೇ ಬದಲಿಸಬಹುದೇ?

ಉತ್ತರ: ಬೇಡ. ಎರಡೂ ಕಡೆ ಹಿಡಿತ ಒಂದೇ ಸಮನಾಗಿರದಿದ್ದರೆ ಜೋರಾಗಿ ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆಯಬಹುದು, ಆದ್ದರಿಂದ ಒಂದೇ ಆಕ್ಸಲ್‌ನ, ಅಂದರೆ ಎಡ-ಬಲ ಚಕ್ರಗಳ ಜೋಡಿಯ, ನಾಲ್ಕೂ ಪ್ಯಾಡ್‌ಗಳನ್ನು ಒಟ್ಟಿಗೆ ಬದಲಿಸಬೇಕು. ಅದಕ್ಕೂ ಮೊದಲು ಎಡಗಡೆಯ ಪಿಸ್ಟನ್ ಮತ್ತು ಪಿನ್‌ಗಳು ಸಲೀಸಾಗಿ ಸರಿಯುತ್ತಿವೆಯೇ ಎಂದು ಪರೀಕ್ಷಿಸದಿದ್ದರೆ ಹೊಸ ಪ್ಯಾಡ್‌ಗಳಿಗೂ ಅದೇ ಗತಿಯಾಗುತ್ತದೆ. ಡಿಸ್ಕ್‌ನ ದಪ್ಪವನ್ನೂ ಆಗಲೇ ಅಳೆಸಿ. ಕನಿಷ್ಠ ಎಷ್ಟಿರಬೇಕೆಂಬುದನ್ನು ಸಾಮಾನ್ಯವಾಗಿ ಡಿಸ್ಕ್ ಮೇಲೆಯೇ ಕೊರೆದಿರುತ್ತಾರೆ. ಕೆಲಸ ಮುಗಿದ ಮೇಲೆ ಕಾರು ಹೊರಡುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಲೇಬೇಕು, ಇಲ್ಲವಾದರೆ ಮೊದಲ ಒತ್ತಿಗೆ ಬ್ರೇಕ್ ಹಿಡಿಯುವುದೇ ಇಲ್ಲ. ಮೊದಲ ಕೆಲವು ನೂರು ಕಿಲೋಮೀಟರ್ ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳುವವರೆಗೆ, ಅನಿವಾರ್ಯವಲ್ಲದಿದ್ದರೆ, ಗಕ್ಕನೆ ಬ್ರೇಕ್ ಒತ್ತಬೇಡಿ.