ಸಿಗ್ನಲ್‌ನಲ್ಲಿ ನಿಂತ ಕಾರು ಪರದೆಯಿಂದ ಮಾಯವಾಗುವುದೇಕೆ?

ಪ್ರಶ್ನೆ: ಸ್ಥಿರ ಕ್ಯಾಮೆರಾದ ವಿಡಿಯೊದಿಂದ ವಾಹನಗಳನ್ನು ಎಣಿಸಲು ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣೆಯ ತಂತ್ರಾಂಶದಲ್ಲಿರುವ, ಹಿನ್ನೆಲೆಯನ್ನು ಕಳೆದು ಚಲಿಸುವುದನ್ನು ಬೇರ್ಪಡಿಸುವ ಎಂಒಜಿ2 ವಿಧಾನವನ್ನು ಬಳಸುತ್ತಿದ್ದೇನೆ. ಸಿಗ್ನಲ್‌ನಲ್ಲಿ ನಿಂತ ಕಾರುಗಳು ಸ್ವಲ್ಪ ಹೊತ್ತಿನಲ್ಲಿ ಕಾಣೆಯಾಗುತ್ತವೆ. ಸಂಜೆ ಅಕ್ಕಪಕ್ಕದ ಎರಡು ಕಾರುಗಳು ಒಂದಾಗಿಬಿಡುತ್ತವೆ. ಕೆಲವೊಮ್ಮೆ ಒಂದೇ ಬಸ್ಸು ಎರಡು ಬಾರಿ ಲೆಕ್ಕಕ್ಕೆ ಬರುತ್ತದೆ. ಇದಕ್ಕೆ ಪರಿಹಾರವೇನು?

ಉತ್ತರ: ಸಂಜೆಯ ತೊಂದರೆಯನ್ನು ಮೊದಲು ನೋಡೋಣ, ಏಕೆಂದರೆ ಅದನ್ನು ಒಂದೇ ಸಾಲಿನಲ್ಲಿ ಸರಿಪಡಿಸಬಹುದು. ಎಂಒಜಿ2 ತಾನಾಗಿಯೇ ನೆರಳನ್ನು ಗುರುತಿಸಿ, ಆ ಪಿಕ್ಸೆಲ್‌ಗಳಿಗೆ 127 ಎಂಬ ಬೂದು ಬೆಲೆಯನ್ನೂ ವಾಹನದ ಪಿಕ್ಸೆಲ್‌ಗಳಿಗೆ 255 ಅನ್ನೂ ಕೊಡುತ್ತದೆ. ಹಿನ್ನೆಲೆಯ ಬೆಲೆ ಸೊನ್ನೆ. ಸೊನ್ನೆಯಲ್ಲದ್ದೆಲ್ಲವನ್ನೂ ವಾಹನವೆಂದು ತೆಗೆದುಕೊಂಡರೆ, ಉದ್ದನೆಯ ನೆರಳು ಪಕ್ಕದ ಕಾರನ್ನು ಮುಟ್ಟಿ ಎರಡನ್ನೂ ಬೆಸೆಯುತ್ತದೆ. 200ಕ್ಕಿಂತ ಕಡಿಮೆ ಇರುವುದನ್ನು ಅಳಿಸಿದರೆ ಬಹುಪಾಲು ನೆರಳು ಹೋಗುತ್ತದೆ. ತೀರಾ ಕಡುನೆರಳು ಮಾತ್ರ ಉಳಿದೀತು.

ನಿಂತ ಕಾರು ಮಾಯವಾಗುವುದು ದೋಷವಲ್ಲ, ವಿಧಾನದ ಸ್ವಭಾವ. ಸ್ಟಾಫರ್ ಮತ್ತು ಗ್ರಿಮ್ಸನ್ 1999ರಲ್ಲಿ ಮಂಡಿಸಿದ ಮಾದರಿಯ ವಂಶಕ್ಕೆ ಸೇರಿದ ಈ ವಿಧಾನವು ಪ್ರತಿ ಪಿಕ್ಸೆಲ್‌ನಲ್ಲಿ ಮತ್ತೆ ಮತ್ತೆ ಕಾಣುವ ಬಣ್ಣವನ್ನು ಹಿನ್ನೆಲೆಯೆಂದು ಕಲಿಯುತ್ತದೆ. ಬಿಸಿಲು ನಿಧಾನವಾಗಿ ಬದಲಾದಾಗ ಕಾಪಾಡುವ ಆ ಗುಣವೇ ನಿಂತ ಕಾರನ್ನೂ ರಸ್ತೆಯೊಳಗೆ ಸೇರಿಸಿಬಿಡುತ್ತದೆ. ಅದು ಸಾಮಾನ್ಯವಾಗಿ 500 ಫ್ರೇಮ್‌ಗಳ (ವಿಡಿಯೊದ ಬಿಡಿ ಚಿತ್ರಗಳ) ಇತಿಹಾಸವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಸೆಕೆಂಡಿಗೆ 25 ಫ್ರೇಮ್ ಎಂದರೆ 20 ಸೆಕೆಂಡು, ಕಾರು ಕರಗುವುದು ಅದಕ್ಕೂ ಮೊದಲೇ. ಕಲಿಕೆಯ ವೇಗವನ್ನು ಇಳಿಸಿದರೆ ಕಾರು ಉಳಿಯುತ್ತದೆ, ಆದರೆ ಮೋಡ ಸರಿದಾಗ ರಸ್ತೆಯೆಲ್ಲ ವಾಹನವಾಗಿ ಕಾಣುತ್ತದೆ. ಸಿಗ್ನಲ್ ಇರುವ ಕಡೆ ಈ ವಿಧಾನವನ್ನೇ ಬಿಟ್ಟು, ಚಲನೆಯನ್ನು ಅವಲಂಬಿಸದೆ ಆಕಾರದಿಂದ ವಾಹನವನ್ನು ಗುರುತಿಸುವ ಯೋಲೋದಂತಹ ನರಜಾಲವನ್ನು ಬಳಸುವುದು ಮೇಲೆಂದು ನನ್ನ ಅಭಿಪ್ರಾಯ.

ಬಸ್ಸಿನ ವಿಷಯದಲ್ಲಿ ತಪ್ಪು ಎರಡು ಕಡೆ ಇರಬಹುದು. ರಸ್ತೆಯ ಬಣ್ಣವನ್ನೇ ಹೋಲುವ ಭಾಗ ಅಳಿಸಿಹೋಗಿ ಬಸ್ಸು ತುಂಡಾಗಿದ್ದರೆ, ಮಾರ್ಫಾಲಜಿಯ (ಚಿತ್ರದ ಆಕಾರಗಳನ್ನು ತಿದ್ದುವ ತಂತ್ರದ) ಕ್ಲೋಸಿಂಗ್ ಕ್ರಿಯೆ ಬಿರುಕನ್ನು ಮುಚ್ಚುತ್ತದೆ. ಅತಿಯಾದರೆ ಪಕ್ಕದ ವಾಹನವನ್ನೂ ಅಂಟಿಸುತ್ತದೆ. ಬಸ್ಸು ಇಡಿಯಾಗಿಯೇ ಇದ್ದರೆ ತಪ್ಪು ಟ್ರ್ಯಾಕಿಂಗ್‌ನದು, ಅಂದರೆ ಒಂದೇ ವಾಹನವನ್ನು ಫ್ರೇಮ್‌ನಿಂದ ಫ್ರೇಮ್‌ಗೆ ಹಿಂಬಾಲಿಸುವ ಹಂತದ್ದು. ಪ್ರತಿ ವಾಹನಕ್ಕೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಕಲ್ಮನ್ ಫಿಲ್ಟರ್‌ನಿಂದ ಅದರ ಮುಂದಿನ ಸ್ಥಾನವನ್ನು ಅಂದಾಜಿಸಿ, ಹೊಸ ಫ್ರೇಮ್‌ನಲ್ಲಿ ವಾಹನಗಳ ಸುತ್ತ ಗುರುತಿಸಿದ ಚೌಕಗಳಿಗೆ ಹಂಗೇರಿಯನ್ ಅಲ್ಗಾರಿದಮ್‌ನಿಂದ ಜೋಡಿ ಹೊಂದಿಸಿ, ಕಲ್ಪಿತ ಗೆರೆಯನ್ನು ದಾಟಿದಾಗ ಆ ಸಂಖ್ಯೆಯನ್ನು ಒಮ್ಮೆ ಮಾತ್ರ ಎಣಿಸಬೇಕು. ಒಂದೆರಡು ಫ್ರೇಮ್‌ಗಳಲ್ಲಿ ವಾಹನ ಕಾಣದಿದ್ದರೂ ಸಂಖ್ಯೆಯನ್ನು ಅಳಿಸಬಾರದು.

ವೇಗಕ್ಕಾಗಿ ಫ್ರೇಮ್‌ಗಳನ್ನು ಬಿಡುತ್ತಿದ್ದೀರಾದರೆ ಎಚ್ಚರ: ಗಂಟೆಗೆ 60 ಕಿ.ಮೀ. ವೇಗದ ಕಾರು ಒಂದು ಫ್ರೇಮ್‌ನಲ್ಲಿ ಸುಮಾರು 67 ಸೆಂ.ಮೀ. ಸರಿಯುವುದರಿಂದ ಹಿಂದಿನ ಚೌಕ ಮತ್ತು ಈಗಿನದು ಒಂದರ ಮೇಲೊಂದು ಬೀಳುತ್ತವೆ. ಹತ್ತಕ್ಕೊಂದು ಫ್ರೇಮ್ ಮಾತ್ರ ನೋಡಿದರೆ ಅದು 6.7 ಮೀಟರ್ ಮುಂದಿರುತ್ತದೆ, ಬರೀ ಅತಿವ್ಯಾಪ್ತಿಯನ್ನು ನೋಡುವ ಜೋಡಣೆ ಅಲ್ಲಿ ಸೋಲುತ್ತದೆ. ಇನ್ನು ಬಸ್ಸಿನ ಹಿಂದೆ ಪೂರ್ತಿ ಮರೆಯಾದ ಕಾರಿಗೆ ಪ್ರೋಗ್ರಾಂನಲ್ಲಿ ಮದ್ದು ಹುಡುಕುವ ಮೊದಲು, ಸಾಧ್ಯವಿದ್ದರೆ ಕ್ಯಾಮೆರಾವನ್ನು ಇನ್ನಷ್ಟು ಎತ್ತರಕ್ಕೆ ಏರಿಸಿ.