ಮೊದಲು ಒಂದು ಮೇಲ್‌ನ ದಾರಿ ಹಿಡಿದು ಹೋಗಿ

ಮ್ಯೂನಿಕ್‌ಗೆ ಬಂದು ಎರಡು ತಿಂಗಳಾಯಿತು, ಬೆಂಗಳೂರಿನಲ್ಲಿ ಪಾಸ್‌ವರ್ಡ್ ಟಿಕೆಟ್ ಮಾತ್ರ ನೋಡುತ್ತಿದ್ದೆ, ಇಲ್ಲಿ ಕಂಪನಿಯ ಮೇಲ್ ನಡೆಸುವ ಇಡೀ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರನ್ನೇ ಕೈಗೆ ಕೊಟ್ಟಿದ್ದಾರೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಹದಿನಾಲ್ಕು ವರ್ಷದ ಹಿಂದೆ ಇದೇ ಊರಿನಲ್ಲಿ ನನಗೂ ಇದೇ ಭಯ ಇತ್ತು.

ಸರ್ಟಿಫಿಕೇಟ್ ಕೋರ್ಸು ಆಮೇಲೆ ಇರಲಿ. ಒಂದು ಮೇಲನ್ನು ಕೈಯಾರೆ ಕಳಿಸಿ ನೋಡಿ. ಟೆಸ್ಟ್ ಸರ್ವರ್‌ನ 25ನೇ ಪೋರ್ಟ್‌ಗೆ, ಅಂದರೆ ಮೇಲ್ ಬರುವ ಬಾಗಿಲಿಗೆ, ಟೆಲ್‌ನೆಟ್ (ಟೈಪ್ ಮಾಡಿ ಇನ್ನೊಂದು ಕಂಪ್ಯೂಟರ್ ಜೊತೆ ಮಾತಾಡುವ ಪ್ರೋಗ್ರಾಂ) ಮಾಡಿ, ಹೆಲೋ (ಪರಿಚಯ), ಮೇಲ್ ಫ್ರಮ್ (ಯಾರಿಂದ), ಆರ್‌ಸಿಪಿಟಿ ಟು (ಯಾರಿಗೆ), ಡೇಟಾ (ಪತ್ರ) ಎಂದು ಒಂದೊಂದೇ ಸಾಲು ಟೈಪ್ ಮಾಡಿ. 1982ರಲ್ಲಿ ಇಂಟರ್ನೆಟ್ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಪೋಸ್ಟೆಲ್ ಬರೆದಿಟ್ಟ ಎಸ್‌ಎಂಟಿಪಿ (ಮೇಲ್ ಕಳಿಸುವ ನಿಯಮ) ಮಾತುಕತೆ ಇವತ್ತಿಗೂ ಹೆಚ್ಚುಕಮ್ಮಿ ಅದೇ. ಸರ್ವರ್ ಕೊಡುವ ಉತ್ತರದ ಅಂಕಿ 4ರಿಂದ ಶುರುವಾದರೆ ಸ್ವಲ್ಪ ಹೊತ್ತು ಬಿಟ್ಟು ಬಾ ಅಂತ, 5ರಿಂದ ಶುರುವಾದರೆ ಆಗಲ್ಲ ಅಂತಲೇ. ಇದು ಗೊತ್ತಿದ್ದರೆ ಬೌನ್ಸ್ ಆದ, ಅಂದರೆ ತಲುಪದೆ ವಾಪಸ್ ಬಂದ ಮೇಲ್ ಒಗಟಾಗಿ ಕಾಣುವುದಿಲ್ಲ. ಎಂಎಕ್ಸ್ (ಮೇಲ್ ಯಾವ ಸರ್ವರ್‌ಗೆ ಹೋಗಬೇಕು), ಎಸ್‌ಪಿಎಫ್ (ಯಾವ ಸರ್ವರ್ ಕಳಿಸಬಹುದು), ಡಿಕಿಮ್ (ಮೇಲ್‌ನ ಡಿಜಿಟಲ್ ಸಹಿ), ಡಿಮಾರ್ಕ್ (ಈ ಪರೀಕ್ಷೆಯಲ್ಲಿ ಸೋತರೆ ಏನು ಮಾಡಬೇಕು) ಕೂಡ ಹೀಗೇ ಒಂದೊಂದಾಗಿ ಇಂಟರ್ನೆಟ್‌ನ ವಿಳಾಸ ಪುಸ್ತಕವಾದ ಡಿಎನ್‌ಎಸ್‌ನಲ್ಲಿ ಹುಡುಕಿ ಓದಿ.

ಬ್ಯಾಕಪ್ ವಿಷಯಕ್ಕೆ ಮಾತ್ರ ಜಾಸ್ತಿ ಗಮನ ಕೊಡಿ. ಎಕ್ಸ್‌ಚೇಂಜ್ ಪ್ರತಿ ಬದಲಾವಣೆಯನ್ನೂ ಮೊದಲು 1 ಎಂಬಿಯ ಲಾಗ್ ಫೈಲ್‌ಗಳಲ್ಲಿ ಬರೆಯುತ್ತದೆ. ಸಾಮಾನ್ಯವಾಗಿ ಬ್ಯಾಕಪ್ ಸರಿಯಾಗಿ ಮುಗಿದ ಮೇಲೆಯೇ ಹಳೇ ಲಾಗ್ ಅಳಿಸಿಹೋಗುತ್ತದೆ. ನನ್ನ ಮೊದಲ ಕೆಲಸದಲ್ಲಿ ಬ್ಯಾಕಪ್ ಒಂಬತ್ತು ದಿನದಿಂದ ಫೇಲ್ ಆಗುತ್ತಿತ್ತು, ನಾನು ನೋಡಿರಲಿಲ್ಲ. ಸೋಮವಾರ ಬೆಳಗ್ಗೆ ಡಿಸ್ಕ್ ತುಂಬಿ ಡೇಟಾಬೇಸ್ ನಿಂತುಹೋಯಿತು. ಗಾಬರಿಯಲ್ಲಿ ಲಾಗ್ ಫೈಲ್‌ಗಳನ್ನು ಅಳಿಸಲು ಹೊರಟಿದ್ದೆ. ಪಕ್ಕದ ಮೇಜಿನ ಹಿರಿಯರೊಬ್ಬರು ಓಡಿಬಂದು ತಡೆದರು. ಡೇಟಾಬೇಸ್‌ಗೆ ಇನ್ನೂ ಸೇರದ ಮೇಲ್‌ಗಳು ಅದರಲ್ಲೇ ಇದ್ದವು! ಅವತ್ತಿನಿಂದ ಕಾಫಿಗೂ ಮೊದಲು ಬ್ಯಾಕಪ್, ಕ್ಯೂ (ಹೋಗಲು ಕಾದಿರುವ ಮೇಲ್‌ಗಳ ಸಾಲು), ಡಿಸ್ಕ್ ನೋಡುತ್ತೇನೆ. ತಿಂಗಳಿಗೊಮ್ಮೆ ಒಂದು ಮೇಲ್‌ಬಾಕ್ಸನ್ನು ಬ್ಯಾಕಪ್‌ನಿಂದ ವಾಪಸ್ ತೆಗೆದೂ ನೋಡುತ್ತೇನೆ.

ಇನ್ನೊಂದು, ಇಲ್ಲಿಯದೇ ಮಾತು. ಮ್ಯಾನೇಜರ್ ಕೇಳಿದರು ಅಂತ ಸುಮ್ನೆ ಯಾರದೋ ಮೇಲ್‌ಬಾಕ್ಸ್ ತೆರೆಯಬೇಡಿ. ಜರ್ಮನಿಯಲ್ಲಿ ಇದನ್ನು ಬಹಳ ಗಂಭೀರವಾಗಿ ನೋಡುತ್ತಾರೆ. ಡೇಟಾ ರಕ್ಷಣೆಯ ಅಧಿಕಾರಿಯನ್ನೂ, ನೌಕರರೇ ಆರಿಸಿದ ಮಂಡಳಿ, ಬೆಟ್ರೀಬ್ಸ್‌ರಾಟ್, ಇದ್ದರೆ ಅವರನ್ನೂ ಕೇಳಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಹಾಗೆ ಕೇಳಿದರೆ ಯಾರೂ ನಿಮ್ಮನ್ನು ಕೆಲಸ ಬರದವರು ಅಂದುಕೊಳ್ಳುವುದಿಲ್ಲ, ನಂಬಿಕೆಯೇ ಬೆಳೆಯುತ್ತದೆ. ಜರ್ಮನ್ ಭಾಷೆ ತಪ್ಪುತಪ್ಪಾದರೂ ಪರವಾಗಿಲ್ಲ, ಮಾತಾಡಿ.

ನಿಮ್ಮ ಸರ್ವರ್ ಯಾವ ವರ್ಷನ್ ಅಂತ ಬರೆದಿಲ್ಲ ಅಲ್ವಾ? 2016 ಅಥವಾ 2019 ಆಗಿದ್ದರೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನೋಡಿ, ಈ ವಾರವೇ ಮ್ಯಾನೇಜರ್‌ಗೆ ಹೇಳಿ.